ನಾಲ್ಕು ಪಾಯಿಂಟ್ ಆರು

ಮೇ ತಿಂಗಳ ಮಧ್ಯಾಹ್ನ. ಲ್ಯಾಬಿನ ಫ್ಯಾನು
ಕಲಬುರಗಿಯ ಬಿಸಿಗಾಳಿಯನ್ನೇ ತಿರುವಿ ತಿರುವಿ ಹಾಕ್ತದ.
ಪರದೆ ಮ್ಯಾಲ ತೊಗರಿ ಬೀಜದ ಒಂದು ಪ್ರೋಟೀನು,
ಅದರ ಬಾಯಿಗೆ ಬಾಯಿ ಹಚ್ಚಿಕೊಂಡು
ಕಾಯಿಕೊರಕ ಹುಳದ ಹೊಟ್ಟಿಯ ಕಿಣ್ವ.
ಒಂದಕ್ಕ ತಿನ್ನಬೇಕು, ಇನ್ನೊಂದು ತಿನ್ನಗೊಡಬಾರದು.
ಎರಡೂ ಹ್ಯಾಂಗ ಬಿಗಿಹಿಡಿದು ಕುಂತಾವಂದ್ರ
ನೋಡಿದವರು ಅಪ್ಪುಗೆ ಅನ್ನಬೇಕು.

ನನ್ನ ಕೆಲಸ ಇಷ್ಟೇ:
ಯಾವುದು ಯಾವುದಕ್ಕ ತಾಗ್ಯದ, ಎಣಿಸೋದು.
ನಾಲ್ಕು ಆಂಗ್‌ಸ್ಟ್ರಾಮ್ ಒಳಗಿದ್ರ ನಂಟು,
ಹೊರಗಿದ್ರ ಇಲ್ಲ.
ನಿಂಬರ್ಗಿ ಮೇಡಂ ಹೇಳ್ತಾರ:
ಗೆರಿ ಎಲ್ಲ್ಯಾರ ಒಂದು ಕಡಿ ಎಳೀಬೇಕವಾ,
ಇಲ್ಲಂದ್ರ ಲೋಕದಾಗ ಎಲ್ಲಾರೂ ಎಲ್ಲಾರಿಗೂ ಬೀಗರು.

ಸಾಲಿನಾಗ ನಿಂತಾಗ
ಒಂಬತ್ತನೇದಕ್ಕ ಐವತ್ತೆಂಟನೇದರ ಗುರುತೇ ಇಲ್ಲ.
ಮಡಿಕಿ ಬಿದ್ದ ಮ್ಯಾಲ ಮಗ್ಗುಲಕ್ಕ ಮಗ್ಗುಲು,
ಸೀರಿ ಘಳಿಗಿ ಮಾಡಿದಾಗ
ಸೆರಗು ಬಂದು ಒಳ ಅಂಚಿಗೆ ಕೂತಂಗ.
ಮ್ಯಾಲ ಏಳು ಕಡಿ ಗಂಧಕದ ಗಂಟು.
ಅವ್ವ ಬ್ಯಾಳಿಗೆ ನಾಲ್ಕು ಸೀಟಿ ಯಾಕ ಕೊಡ್ತಾಳ
ಅಂತ ನನಗ ತಿಳಿದದ್ದು
ಇಪ್ಪತ್ತಾರನೇ ವಯಸ್ಸಿಗೆ.

ಇನ್ನೊಂದು ಮಾತು.
ಒಂದು ಅಮೈನೊ ಆಮ್ಲದ ಕೈಯನ್ನ ಇನ್ನೊಂದು ಹಿಡಿವಾಗ
ನಡುವಿನಿಂದ ನೀರಿನ ಒಂದು ಕಣ ಜಾರಿ ಹೋಗ್ತದ.
ಅದಕ್ಕೇ, ಕೂಡಿಕೊಂಡ ಮ್ಯಾಲ ಉಳಿದದ್ದಕ್ಕ
ಶೇಷ ಅಂತ ಹೆಸರು.
ಪರೀಕ್ಷೆದಾಗ ಬರದು ಎರಡು ಮಾರ್ಕ್ಸ್ ತಗೊಂಡಿದ್ದೆ,
ವಿಚಾರ ಮಾಡಿದ್ದಿಲ್ಲ.

ಪಟ್ಟಿ ಆಯ್ತು. ಮೂವತ್ತೆಂಟು ನಂಟು.
ಆದ್ರ ಆಳದ ಗುಂಡಿಯಾಗ ಕೈ ಇಳಿಬಿಟ್ಟು ನಿಂತ ಲೈಸಿನ್ನು,
ತಳದಾಗ ಕಾಯಕೊಂತ ಕುಂತ ಆಸ್ಪಾರ್ಟೇಟು,
ಒಂದು ಧನ, ಒಂದು ಋಣ,
ಕೂಡಬೇಕಾದವರಿವರೇ,
ನಡುವ ನಾಲ್ಕು ಪಾಯಿಂಟ್ ಆರು.
ನನ್ನ ಲೆಕ್ಕದಾಗ ಸೊನ್ನಿ.

ಮೂರು ದಿನ ಕೋಡ್ ತಿದ್ದಿದೆ.
ಗೆರಿ ಐದಕ್ಕ ಸರಿಸಿದ್ರ
ಬ್ಯಾಡಾದವೂ ನುಗ್ಗಿ ಬರ್ತಾವ,
ಮದುವಿ ಮನಿಗೆ ಕರೀದೇ ಬಂದವರಂಗ,
ಯಾರು ಯಾರ ಕಡಿಯವರು ತಿಳಿಯೋದಿಲ್ಲ.

ನಾಲ್ಕನೇ ದಿನ ಕರೆಂಟ್ ಹೋಯ್ತು. ಬಂತು.
ಅವಸರಕ್ಕ ಕಚ್ಚಾ ಫೈಲೇ ತೆರೆದುಬಿಟ್ಟೆ.
ಪರದೆ ತುಂಬ ಕೆಂಪು ಚುಕ್ಕಿ,
ಯಾರೋ ಖಾರಪುಡಿ ಉದುರಿಸಿದಂಗ!
ನೀರು.
ಹರಳಿನೊಳಗ ಸಿಕ್ಕಿಬಿದ್ದ ನೀರು.
ನನ್ನ ಕೋಡಿನ ಮೊದಲನೇ ಸಾಲೇ ಅದು: ನೀರು ತೆಗಿ.
ಎಲ್ಲಾರೂ ತೆಗೀತಾರ. ಕಸ ಅಂತಾರ.
ನಾನೂ ಕೇಳಲಿಲ್ಲ, ತೆಗೆದಿದ್ದೆ.

ಲೈಸಿನ್ನಿಂದ ಚುಕ್ಕಿಗೆ ಎರಡು ಪಾಯಿಂಟ್ ಎಂಟು.
ಚುಕ್ಕಿಯಿಂದ ಆಸ್ಪಾರ್ಟೇಟಿಗೆ ಎರಡು ಪಾಯಿಂಟ್ ಏಳು.
ಮತ್ತ ಅಳೆದೆ.
ಮತ್ತ.

ಮೇಡಂಗ ಹೇಳಿದೆ. ಕನ್ನಡಕ ಹಣಿಗೇರಿಸಿ ನೋಡಿದರು.
“ಇನ್ನೊಂದು ಕಾಲಂ ಹಾಕು,” ಅಂದರು.
“ನೀರಿನ ಮೂಲಕ.”
ಸಂಜಿತನಕ ಹನ್ನೊಂದು ಸಿಕ್ಕವು.

ಮಕ್ತಂಪುರದ ಮನಿಗೆ ಬಂದಾಗ ನಳ ಬಂದಿತ್ತು,
ನಾಲ್ಕು ದಿನದ ಮ್ಯಾಲ.
ನಮಗೂ ಕಾಕಿಗೂ ನಡುವ ಶಹಾಬಾದ್ ಕಲ್ಲಿನ ಗ್ವಾಡಿ,
ಒಂದು ಬೋರಮಾಳದ ಸಲುವಾಗಿ
ಆರು ವರ್ಷದ ಮೌನ.
ಅವ್ವ ನಮ್ಮ ಹಂಡೆ ತುಂಬಿಸಿದಳು,
ಪೈಪಿನ ತುದಿ ಗ್ವಾಡಿ ಆಚಿಗೆ ಒಗೆದಳು.
ಆ ಕಡಿಯಿಂದ ಯಾರೋ ಎಳಕೊಂಡರು.
ಬಹಳ ಹೊತ್ತು ನೀರಿನ ಸದ್ದಷ್ಟೇ.
ಆಮ್ಯಾಲ ತುಂಬಿದ ಕೊಡದ ಮ್ಯಾಲ ಎರಡು ಬಡಿತ.
ಅವ್ವ ನಳ ಬಂದ್ ಮಾಡಿದಳು.

“ಯಾರ ಜೋಡಿ ಮಾತಾಡ್ಲತ್ತಿದ್ದಿ?” ಅಂದೆ.
“ಯಾರ ಜೋಡೀನೂ ಇಲ್ಲ,” ಅಂದಳು,
ಒದ್ದಿ ಕೈ ಸೆರಗಿಗೆ ಒರಸಿಕೊಳ್ಳಕೊಂತ.